ಸೋಪಿನ ಡಬ್ಬಿಯ ಕಿವಿ

ಕಾಲೇಜಿನಲ್ಲಿ ಕಲಿತದ್ದನ್ನು ರಜೆಯಲ್ಲಿ ಊರಿಗೆ ತಂದು ಬಿಚ್ಚಿದಾಗಲೆಲ್ಲ ಏನಾದರೊಂದು ಫಜೀತಿ ಆಗಿಯೇ ಆಗುತ್ತಿತ್ತು. ಪುಸ್ತಕದಲ್ಲಿ ಎಲ್ಲ ಸರಿಯಾಗಿರುತ್ತಿತ್ತು. ಲ್ಯಾಬಿನಲ್ಲೂ ಸರಿಯಾಗಿರುತ್ತಿತ್ತು. ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಿ ನಾರಾವಿಗೆ ಮುಟ್ಟುವಷ್ಟರಲ್ಲಿ ಅದಕ್ಕೆ ಬೇರೆಯೇ ಬುದ್ಧಿ ಬಂದಿರುತ್ತಿತ್ತು. ಈಗ ಹೇಳಿದರೆ ಕೇಳಿದವರು ನಗುತ್ತಾರೆ, ನಾನೂ ನಗುತ್ತೇನೆ. ಆಗ ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಕಡಿಮೆ.

ಸಣ್ಣ ಕರೆಂಟು

ಅರುವತ್ತರ ದಶಕದ ಮೊದಲ ವರ್ಷಗಳು. ನಾನು ಸೇರಿದ ಇಂಜಿನಿಯರಿಂಗ್ ಕಾಲೇಜು ಕಡಲ ಬದಿಗೆ ಇತ್ತು. ಇಲೆಕ್ಟ್ರಾನಿಕ್ಸ್ ಎಂಬ ವಿಭಾಗ ಅಲ್ಲಿ ಆಗಷ್ಟೇ ಶುರುವಾಗಿತ್ತು. ನಮ್ಮ ಕಡೆ ಎಷ್ಟೋ ಮನೆಗಳಿಗೆ ಕರೆಂಟೇ ಬಂದಿರಲಿಲ್ಲ. ಹೀಗಿರುವಾಗ ನಾನೇನು ಕಲಿಯುತ್ತೇನೆ ಎಂದು ಹೇಳುವುದೇ ಒಂದು ಪರೀಕ್ಷೆ.

ಮೊದಲ ರಜೆಗೆ ಬರುವಾಗ ಮೂಡುಬಿದಿರೆಯ ಬಸ್ಸು ನಿಲ್ದಾಣದ ಹೋಟೆಲಿಗೆ ಚಾ ಕುಡಿಯಲಿಕ್ಕೆ ಹೋದೆ. ಗಲ್ಲೆಯಲ್ಲಿ ಕುಳಿತ ಹೋಟೆಲಿನ ಯಜಮಾನರಿಗೆ ನನ್ನ ಅಪ್ಪನ ಗುರುತು ಉಂಟು.

"ಮಾಷ್ಟ್ರ ಮಗ ಅಲ್ವಾ? ಎಂತ ಕಲೀತಿದ್ದಿ?"

"ಇಲೆಕ್ಟ್ರಾನಿಕ್ಸ್."

"ಅಂದ್ರೆ ಕರೆಂಟಿನದ್ದಾ?"

"ಕರೆಂಟಿನದ್ದೇ. ಆದ್ರೆ ಸಣ್ಣ ಕರೆಂಟು. ಮನೆಗೆ ಬರುವಷ್ಟು ಜೋರಿನದ್ದಲ್ಲ. ಮುಟ್ಟಿದ್ರೆ ಗೊತ್ತೂ ಆಗುವುದಿಲ್ಲ."

ಅವರು ಸ್ವಲ್ಪ ಹೊತ್ತು ನನ್ನನ್ನು ಕನಿಕರದಿಂದ ನೋಡಿದರು. ಚಾದ ದುಡ್ಡು ಬೇಡ ಎಂದರು. ಆಮೇಲೆ ಯಾರಿಗೂ ಕೇಳದ ಹಾಗೆ ಮುಂದಕ್ಕೆ ಬಾಗಿ ಹೇಳಿದರು:

"ಬೇಜಾರು ಮಾಡಬೇಡ ಮಾರಾಯ. ದೊಡ್ಡ ಕರೆಂಟಿಗೆ ಮಾರ್ಕು ಸಾಲದಿದ್ರೆ ಏನೂ ಮಾಡ್ಲಿಕ್ಕಾಗುವುದಿಲ್ಲ."

ಶಾಭಾಸ್

ನಾನು ಸಣ್ಣ ಕರೆಂಟಿಗೆ ಹೋದದ್ದು ಅಪ್ಪನ ಕಿವಿಯಿಂದಾಗಿ.

ಅಪ್ಪ ನಾರಾವಿ ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಮಾಷ್ಟ್ರು. ಬಸದಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅವರ ಕಿವಿ ಯಾವಾಗ ಮಂದವಾಗಲು ಶುರುವಾಯಿತೋ ಅವರಿಗೂ ಗೊತ್ತಿರಲಿಲ್ಲ. ಒಂದು ದಿನವೂ ಅವರು ತನಗೆ ಕೇಳುವುದಿಲ್ಲ ಎಂದು ಒಪ್ಪಿದ್ದಿಲ್ಲ. "ಈಗಿನವರಿಗೆ ಬಾಯಿ ಬಿಟ್ಟು ಮಾತಾಡ್ಲಿಕ್ಕೆ ಉದಾಸೀನ" ಎನ್ನುತ್ತಿದ್ದರು.

ತರಗತಿಯಲ್ಲಿ ಮಕ್ಕಳ ತುಟಿ ನೋಡಿಯೇ ಪಾಠ ನಡೆಸುತ್ತಿದ್ದರು. ಪದ್ಯ ಹೇಳಿಸುವಾಗ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು. ತುಟಿಗಳೆಲ್ಲ ತಾಳಕ್ಕೆ ಸರಿಯಾಗಿ ಅಲುಗಾಡಿದರೆ ಪದ್ಯ ಸರಿ. ಇದು ಮಕ್ಕಳಿಗೆ ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಇನ್ಸ್‌ಪೆಕ್ಟರರು ಶಾಲೆ ನೋಡಲು ಬಂದ ದಿನ ನಾಲ್ಕನೇ ತರಗತಿಗೆ ಪದ್ಯ ಬಾಯಿಪಾಠ ಇರಲಿಲ್ಲ. ಅಪ್ಪ ತಾಳ ಹಾಕಿದರು. ಮಕ್ಕಳು ಎದ್ದು ನಿಂತು, ಕೈಕಟ್ಟಿ, ಬೆಳಿಗ್ಗೆ ಯಾರ್ಯಾರ ಮನೆಯಲ್ಲಿ ಏನೇನು ತಿಂಡಿ ಎಂಬುದನ್ನು ತುಳುವಿನಲ್ಲಿ, ರಾಗವಾಗಿ, ಒಂದು ಮಾತ್ರೆಯೂ ತಪ್ಪದೆ ಹೇಳಿದರು. ಗಂಜಿ, ಉಪ್ಪಿನಕಾಯಿ, ನಿನ್ನೆಯ ದೋಸೆ. ಕೊನೆಯ ಸಾಲನ್ನು ಎರಡು ಸಲ ಹೇಳಿ ನಿಲ್ಲಿಸಿದರು.

"ಶಾಭಾಸ್" ಎಂದರು ಅಪ್ಪ. ಅವರ ಕಣ್ಣಲ್ಲಿ ನೀರಿತ್ತಂತೆ.

ಇನ್ಸ್‌ಪೆಕ್ಟರರು ಘಟ್ಟದ ಮೇಲಿನವರು, ತುಳು ಬಾರದವರು. ಆದರೂ ಪದ್ಯದಲ್ಲಿ ದೋಸೆ ಬಂದದ್ದು ಅವರಿಗೆ ತಿಳಿಯಿತು. ಒಳ್ಳೆಯ ಮನುಷ್ಯ. ಮಕ್ಕಳ ಎದುರು ಏನೂ ಅನ್ನಲಿಲ್ಲ. ವರದಿಯಲ್ಲಿ ಬರೆದರು: "ಮಕ್ಕಳ ಲಯಜ್ಞಾನ ಬಹಳ ಚೆನ್ನಾಗಿದೆ. ಅಧ್ಯಾಪಕರಿಗೆ ವಿಶ್ರಾಂತಿ ಅಗತ್ಯ."

ಆ ವರ್ಷವೇ ಅಪ್ಪ ಕೆಲಸ ಬಿಟ್ಟರು. ನಿವೃತ್ತಿಗೆ ಇನ್ನೂ ಸಮಯವಿತ್ತು. ಮನೆಗೆ ಬಂದು ಅಮ್ಮನ ಹತ್ತಿರ ಹೇಳಿದ್ದು ಇಷ್ಟು: "ಲಯಜ್ಞಾನ ಚೆನ್ನಾಗಿದೆ ಅಂತ ಬರೆದಿದ್ದಾರೆ. ನನಗೆ ಮುಂಚೆಯೇ ಗೊತ್ತಿತ್ತು."

ಕಟ್ಟಡ ತಪ್ಪಿ ಬಂದವನು

ಕಾಲೇಜಿನ ಸಂದರ್ಶನದಲ್ಲಿ ಪ್ರಿನ್ಸಿಪಾಲರು, ಎಲ್ಲರೂ ಸಿವಿಲ್ ಕೇಳುವಾಗ ನಿನಗೆ ಯಾಕಪ್ಪ ಇಲೆಕ್ಟ್ರಾನಿಕ್ಸ್ ಎಂದು ಕೇಳಿದರು.

"ಅಪ್ಪನಿಗೆ ಕಿವಿ ಕೇಳುವುದಿಲ್ಲ ಸರ್" ಎಂದೆ.

ಅವರು ಕನ್ನಡಕ ತೆಗೆದು, ಬಾಗಿಲಲ್ಲಿ ನಿಂತ ಜವಾನನಿಗೆ ಹೇಳಿದರು: "ಈ ಹುಡುಗನಿಗೆ ಮೆಡಿಕಲ್ ಕಾಲೇಜಿಗೆ ಹೋಗುವ ಬಸ್ಸು ಯಾವುದು ಅಂತ ತೋರಿಸು."

ಕಾಗೆ

ಎರಡನೇ ವರ್ಷದಲ್ಲಿ ಆಂಪ್ಲಿಫೈಯರ್ ಪಾಠ ಬಂತು. ಸಣ್ಣ ಸದ್ದನ್ನು ಒಂದು ಕಡೆ ಕೊಟ್ಟರೆ ಇನ್ನೊಂದು ಕಡೆ ದೊಡ್ಡ ಸದ್ದಾಗಿ ಬರುತ್ತದೆ. ನಾನು ಇದಕ್ಕೇ ಕಾಯುತ್ತಿದ್ದೆ. ಲ್ಯಾಬಿನಲ್ಲಿ ಮೂಲೆಗೆ ಬಿದ್ದಿದ್ದ ಗಾಜಿನ ವಾಲ್ವುಗಳನ್ನು ಲೆಕ್ಚರರನ್ನು ಕೇಳಿ ತಂದೆ. ಮೂಡುಬಿದಿರೆಯ ರೇಡಿಯೋ ಅಂಗಡಿಯಿಂದ ಬ್ಯಾಟರಿ ತಂದೆ. ಎಲ್ಲ ಸೇರಿಸಿ ಒಂದು ಮರದ ಪೆಟ್ಟಿಗೆಯಲ್ಲಿ ಕೂರಿಸಿದಾಗ ಅದು ಹಾರ್ಮೋನಿಯಮ್ಮಿನಷ್ಟು ದೊಡ್ಡದಾಯಿತು. ಎತ್ತಲು ಇಬ್ಬರು ಬೇಕು.

ಜಗಲಿಯಲ್ಲಿ ಇಟ್ಟು ಅಪ್ಪನ ತಲೆಗೆ ಹೆಡ್‌ಫೋನು ಕಟ್ಟಿದೆ. ಅಮ್ಮ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. ಅಪ್ಪ ಕಣ್ಣು ಮುಚ್ಚಿ ಕುಳಿತರು. ಒಮ್ಮೆ ಬೆಚ್ಚಿದರು. ಒಮ್ಮೆ ತಲೆಯಾಡಿಸಿದರು. ಹತ್ತು ನಿಮಿಷ ಹಾಗೆಯೇ ಇದ್ದು, ಹೆಡ್‌ಫೋನು ತೆಗೆದು ಜೋಪಾನವಾಗಿ ಪೆಟ್ಟಿಗೆಯ ಮೇಲಿಟ್ಟರು.

"ಹೇಗುಂಟು ಅಪ್ಪ?" ಎಂದು ಸನ್ನೆ ಮಾಡಿ ಕೇಳಿದೆ.

"ಒಳ್ಳೆದುಂಟು. ಒಂದು ಕಾಗೆ ಕೇಳಿತು. ಬಾವಿಯ ರಾಟೆ ಕೇಳಿತು. ನನ್ನದೇ ಅಂಗಿ ಕೇಳಿತು. ನೀವಿಬ್ಬರು ಮಾತಾಡಿದ್ದು ಮಾತ್ರ ಎಲ್ಲೋ ಅಡಿಯಲ್ಲಿ ಸಿಕ್ಕಿ ಹೋಯಿತು."

ರಜೆ ಮುಗಿಸಿ ಹೋಗಿ ಲೆಕ್ಚರರ ಹತ್ತಿರ ಹೇಳಿದೆ. ಅವರು ಬೋರ್ಡಿನ ಮೇಲೆ ಎರಡು ಗೆರೆ ಎಳೆದರು. ಇದು ಬೇಕಾದ ಸದ್ದು, ಇದು ಬೇಡದ ಸದ್ದು. ಎರಡನ್ನೂ ಒಟ್ಟಿಗೆ ದೊಡ್ಡದು ಮಾಡಿದರೆ ಪಾಪದವನಿಗೆ ಕಷ್ಟ ದೊಡ್ಡದಾಗುತ್ತದೆಯೇ ಹೊರತು ಮಾತು ದೊಡ್ಡದಾಗುವುದಿಲ್ಲ ಎಂದರು. ಇಡೀ ವರ್ಷದ ಪಾಠದಲ್ಲಿ ನನಗೆ ಚೆನ್ನಾಗಿ ಅರ್ಥವಾದದ್ದು ಅದೊಂದೇ.

ಅಪ್ಪ ಆ ಪೆಟ್ಟಿಗೆಯನ್ನು ಬಿಸಾಡಲು ಬಿಡಲಿಲ್ಲ. ಯಾರು ಬಂದರೂ ತೋರಿಸುತ್ತಿದ್ದರು: "ಮಗ ಮಾಡಿದ್ದು. ಇದರಲ್ಲಿ ಕಾಗೆ ಬಹಳ ಸ್ಪಷ್ಟ ಕೇಳುತ್ತದೆ."

ವಿಸಿಲು

ಮೂರನೇ ವರ್ಷದಲ್ಲಿ ಟ್ರಾನ್ಸಿಸ್ಟರು ಬಂತು. ಹುಣಸೆಬೀಜದಷ್ಟು ಸಣ್ಣದು, ವಾಲ್ವು ಮಾಡುವ ಕೆಲಸವನ್ನು ಅದು ಮಾಡುತ್ತಿತ್ತು. ಲೆಕ್ಚರರು ನನಗೆ ಎರಡು ಕೊಟ್ಟರು. ಒಂದು ಸೋಪಿನ ಡಬ್ಬಿಯೊಳಗೆ ಮೈಕು, ಟ್ರಾನ್ಸಿಸ್ಟರು, ಟಾರ್ಚಿನ ಸೆಲ್ಲು, ಎಲ್ಲ ಹಿಡಿಸಿತು. ಡಬ್ಬಿ ಅಪ್ಪನ ಅಂಗಿಯ ಕಿಸೆಯಲ್ಲಿ, ಅದರಿಂದ ಒಂದು ವಯರು ಕಿವಿಗೆ. ಈ ಸಲ ಮಾತು ಕೇಳಿತು. ಎದುರಿಗೆ ಕುಳಿತು ಸಾಧಾರಣ ಸ್ವರದಲ್ಲಿ ಮಾತಾಡಿದರೆ ಅಪ್ಪ ಉತ್ತರ ಕೊಟ್ಟರು. ಅಮ್ಮ ಒಳಗೆ ಹೋಗಿ ಬಸದಿಯ ಕಡೆ ಮುಖ ಮಾಡಿ ಕೈಮುಗಿದು ಬಂದಳು.

ಮರುದಿನ ಅಪ್ಪನ ಪಿಂಚಣಿಯ ಕಾಗದದ ಕೆಲಸಕ್ಕೆ ಬೆಳ್ತಂಗಡಿಗೆ ಹೊರಟೆವು. ಬಸ್ಸು ತುಂಬಿತ್ತು. ಅಪ್ಪನಿಗೆ ಕಿಟಕಿ ಬದಿ ಸೀಟು ಸಿಕ್ಕಿತು. ನಾನು ಹಿಂದೆ ನಿಂತಿದ್ದೆ.

ನಮ್ಮ ಬಸ್ಸುಗಳಲ್ಲಿ ಕಂಡಕ್ಟರು ವಿಸಿಲು ಊದಿದರೆ ಡ್ರೈವರು ನಿಲ್ಲಿಸುತ್ತಾನೆ. ಊರು ದಾಟಿ ಸ್ವಲ್ಪ ದೂರ ಹೋದದ್ದೇ ವಿಸಿಲು ಕೇಳಿತು. ಬಸ್ಸು ನಿಂತಿತು. ಯಾರೂ ಇಳಿಯಲಿಲ್ಲ. ಕಂಡಕ್ಟರು "ಹೋಗುವ, ಹೋಗುವ" ಎಂದ. ಇನ್ನೊಂದು ತಿರುವಿನಲ್ಲಿ ಮತ್ತೆ ವಿಸಿಲು. ಬಸ್ಸು ಮತ್ತೆ ನಿಂತಿತು. ಡ್ರೈವರು ತಿರುಗಿ, "ನಿನಗೆ ಇವತ್ತು ಎಂತಾಗಿದೆ?" ಎಂದು ಕಂಡಕ್ಟರಿಗೆ ಬೈದ. ಕಂಡಕ್ಟರು ಬಾಯಿ ತೆರೆದು ತೋರಿಸಿದ. ವಿಸಿಲು ಅವನ ಕೈಯಲ್ಲಿತ್ತು.

ನನಗೆ ಮಾತ್ರ ಕಾರಣ ಹೊಳೆಯಿತು. ಫೀಡ್‌ಬ್ಯಾಕ್ ಎಂಬ ಪಾಠ ಆಗಿತ್ತು. ಕಿವಿಗೆ ಹೋದ ಸದ್ದು ಸೋರಿ ಮತ್ತೆ ಮೈಕಿಗೆ ಬಂದರೆ ಯಂತ್ರ ತನ್ನಷ್ಟಕ್ಕೆ ಕೂಗುತ್ತದೆ. ಅಪ್ಪ ನಿದ್ದೆ ತೂಗಿ ಗಲ್ಲ ಎದೆಗೆ ತಾಗಿದಾಗಲೆಲ್ಲ ಡಬ್ಬಿ ಸಿಳ್ಳೆ ಹಾಕುತ್ತಿತ್ತು. ಅಷ್ಟು ಸಪೂರದ ಸ್ವರ ಕೇಳುವ ಶಕ್ತಿ ಅವರ ಕಿವಿಯಲ್ಲಿ ಉಳಿದಿರಲಿಲ್ಲ. ಇಡೀ ಬಸ್ಸಿನಲ್ಲಿ ಅದು ಕೇಳದೆ ಇದ್ದದ್ದು ಅವರೊಬ್ಬರಿಗೆ.

ಜನರನ್ನು ಸರಿಸಿ ನಾನು ಮುಂದೆ ಹೋಗುವಷ್ಟರಲ್ಲಿ ಬಸ್ಸು ಐದು ಸಲ ನಿಂತಿತ್ತು. ಡಬ್ಬಿಯ ಸ್ವಿಚ್ಚು ತೆಗೆದೆ. ಅಪ್ಪ ಎಚ್ಚರಾಗಿ ನನ್ನನ್ನು ನೋಡಿ ಪಕ್ಕದವರಿಗೂ ಕೇಳುವ ಹಾಗೆ ಹೇಳಿದರು:

"ಮುಂದಿನ ಸಲ ಬೇರೆ ಬಸ್ಸಿಗೆ ಬರುವ. ಇವರು ಕಂಡಕಂಡಲ್ಲಿ ನಿಲ್ಲಿಸ್ತಾರೆ."

ಬೇರೆ ಅರ್ಜಿ

ಪಿಂಚಣಿಯ ಕಾಗದ ನೋಡುವ ಗುಮಾಸ್ತರು ವಯಸ್ಸಾದವರು. ಅಪ್ಪ ಕೆಲಸ ಬಿಟ್ಟದ್ದು ಕಿವಿ ಕೇಳದ ಕಾರಣಕ್ಕೆ ಎಂದು ಕಡತದಲ್ಲಿ ಇತ್ತು. ಅದನ್ನು ಕಣ್ಣಾರೆ ಕಂಡು ಬರೆಯುವುದಷ್ಟೇ ಬಾಕಿ. ಒಳಗೆ ಹೋಗುವ ಮೊದಲು ಅಪ್ಪ ತಾವೇ ಡಬ್ಬಿಯ ಸ್ವಿಚ್ಚು ಹಾಕಿಕೊಂಡಿದ್ದರು. ನಾನು ಗಮನಿಸಲಿಲ್ಲ.

ಗುಮಾಸ್ತರು ಕಾಗದ ನೋಡುತ್ತಲೇ ಮೆಲ್ಲಗೆ, "ಎಷ್ಟು ವರ್ಷ ಸರ್ವಿಸು ಮಾಷ್ಟ್ರೇ?" ಎಂದರು.

"ಇಪ್ಪತ್ತೇಳು" ಎಂದರು ಅಪ್ಪ.

ಗುಮಾಸ್ತರು ತಲೆ ಎತ್ತಿದರು. "ನಾರಾವಿಯಿಂದ ಬೆಳಿಗ್ಗೆಯೇ ಹೊರಟಿರಾ?"

"ಮೊದಲ ಬಸ್ಸು. ಅದು ಬಹಳ ನಿಲ್ಲುತ್ತದೆ."

"ನಿಮಗೆ ಕೇಳುತ್ತದಲ್ಲ?"

"ಸ್ಪಷ್ಟ ಕೇಳುತ್ತದೆ" ಎಂದರು ಅಪ್ಪ. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ. "ಮಗ ಮಾಡಿದ್ದು. ಇಲೆಕ್ಟ್ರಾನಿಕ್ಸು."

ಗುಮಾಸ್ತರು ಪೆನ್ನು ಕೆಳಗಿಟ್ಟರು. "ಕೇಳುವುದಿಲ್ಲ ಅಂತ ನಾನು ಹೇಗೆ ಬರೆಯುವುದು ಮಾಷ್ಟ್ರೇ?"

"ಬರೆಯಬೇಡಿ" ಎಂದರು ಅಪ್ಪ. "ನನ್ನನ್ನು ಶಾಲೆಗೆ ವಾಪಸು ಕಳಿಸಿ. ಈಗ ಪಾಠ ಮಾಡ್ತೇನೆ. ಮಕ್ಕಳು ಪದ್ಯ ಹೇಳಿದ್ರೆ ಈಗ ಕೇಳುತ್ತದೆ."

ಗುಮಾಸ್ತರು ನನ್ನನ್ನು ನೋಡಿದರು. ನಾನು ಗೋಡೆ ನೋಡಿದೆ. ಅಪ್ಪ ಇಷ್ಟು ದಿನ ಮನಸ್ಸಿನಲ್ಲಿ ಏನು ಇಟ್ಟುಕೊಂಡಿದ್ದರು ಎಂದು ನನಗೆ ಗೊತ್ತಾದದ್ದು ಆಗ. ನಾನು ಮನೆಯಲ್ಲಿ ಮಾತಾಡಲಿಕ್ಕೆ ಅಂತ ಯಂತ್ರ ಮಾಡಿದ್ದೆ. ಅವರು ಅದನ್ನು ಕಿಸೆಗೆ ಹಾಕಿಕೊಂಡು ಶಾಲೆಗೆ ಹೊರಟಿದ್ದರು.

ಕೊನೆಗೆ ಗುಮಾಸ್ತರು, "ಯಂತ್ರದ ಸಹಾಯವಿಲ್ಲದೆ ಕೇಳಿಸುವುದಿಲ್ಲ" ಎಂದು ಬರೆದು ಮುಗಿಸಿದರು. ಅಪ್ಪ ಮಾತ್ರ ಏಳಲಿಲ್ಲ. ಶಾಲೆಯ ವಿಷಯ ಏನಾಯಿತು ಎಂದು ಇನ್ನೊಮ್ಮೆ ಕೇಳಿದರು.

"ಅದಕ್ಕೆ ಬೇರೆ ಅರ್ಜಿ ಬೇಕು ಮಾಷ್ಟ್ರೇ" ಎಂದರು ಗುಮಾಸ್ತರು. ಸ್ವಲ್ಪ ಹೊತ್ತು ಕಪಾಟಿನಲ್ಲಿ ನಿಜವಾಗಿಯೂ ಹುಡುಕಿದರು. "ಕೇಳುವುದಿಲ್ಲ ಅನ್ನುವ ಅರ್ಜಿ ಬೇಕಾದಷ್ಟು ಉಂಟು. ಈಗ ಕೇಳುತ್ತದೆ ಅಂತ ಇಷ್ಟರವರೆಗೆ ಯಾರೂ ಬಂದದ್ದೇ ಇಲ್ಲ."

ಹೇಳದೆಯೇ ಮಾಡುತ್ತಾರೆ

ಮನೆಗೆ ಬಂದ ಅಪ್ಪ ಡಬ್ಬಿಯನ್ನು ಕಪಾಟಿನ ಮೇಲಿಟ್ಟರು. ಅದು ಹಾಳಾಯಿತು ಎಂದು ಅಮ್ಮನಿಗೆ ಹೇಳಿದರು.

ನಾನು ಎರಡು ದಿನ ಕುಳಿತು, ಜೇನುಮೇಣವನ್ನು ಅಪ್ಪನ ಕಿವಿಯ ಅಚ್ಚಿಗೆ ಸರಿಯಾಗಿ ಒತ್ತಿ, ಸದ್ದು ಸೋರದ ಹಾಗೆ ಮಾಡಿದೆ. ಸಿಳ್ಳೆ ನಿಂತಿತು. ಅಪ್ಪ ಹಾಕಿಕೊಂಡು ನೋಡಿ, ವಯರು ಕಾಣದ ಹಾಗೆ ಮೇಲಿಂದ ತಲೆಗೆ ಬೈರಾಸು ಸುತ್ತಿಕೊಂಡರು.

"ನಿನ್ನ ಅಮ್ಮನಿಗೆ ಈಗ ಹೇಳಬೇಡ. ಮತ್ತೆ ಸಿಳ್ಳೆ ಹಾಕಿದ್ರೆ ಅವಳಿಗೂ ಬೇಜಾರು. ನಾಲ್ಕು ದಿನ ನೋಡುವ."

ಅಮ್ಮ ವರ್ಷಗಟ್ಟಲೆ ಅಪ್ಪನಿಗೆ ಬಡಿಸುವಾಗ ಸಣ್ಣ ಸ್ವರದಲ್ಲಿ ಏನೋ ಹೇಳುತ್ತಲೇ ಇರುತ್ತಿದ್ದಳು. ಮುಖದಲ್ಲಿ ನಗು ಇರುತ್ತಿತ್ತು. ಪ್ರೀತಿಯ ಮಾತು ಅಂತ ನಾವೆಲ್ಲ ತಿಳಿದಿದ್ದೆವು. ಅಪ್ಪನೂ ನಗುತ್ತಾ ತಲೆಯಾಡಿಸುತ್ತಿದ್ದರು. ಅದು ಬೈಗುಳ ಎಂದು ಅಪ್ಪನಿಗೆ ಗೊತ್ತಾದದ್ದು ಈಗ.

ಬುಧವಾರ ಬೆಳಿಗ್ಗೆ ಅಪ್ಪ ಏಣಿ ಹೊತ್ತುಕೊಂಡು ಹೋಗಿ ಪಕ್ಕದ ಮನೆಗೆ ಕೊಟ್ಟು ಬಂದರು. ತಂದು ಎರಡು ವರ್ಷವಾಗಿತ್ತು. ಮಧ್ಯಾಹ್ನ ಬಚ್ಚಲಿನ ಬಾಗಿಲಿಗೆ ಹೊಸ ತಿರುಗಣೆ ಹಾಕಿದರು. ಗುರುವಾರ ಮೀಸೆ ಕತ್ತರಿಸಿದರು. ಸಂಜೆ, ಹೊತ್ತು ಮುಳುಗುವ ಮೊದಲಿನ ಊಟಕ್ಕೆ, ಅಮ್ಮ ಕರೆಯುವ ಮೊದಲೇ ಬಂದು ಮಣೆಯ ಮೇಲೆ ಕುಳಿತರು.

ಅಮ್ಮ ನನ್ನನ್ನು ಅಡಿಗೆಮನೆಯ ಹಿಂದಕ್ಕೆ ಕರೆದಳು. ನಿಜಕ್ಕೂ ಹೆದರಿದ್ದಳು.

"ನಿನ್ನ ಅಪ್ಪನಿಗೆ ಏನೋ ಆಗಿದೆ ಮಗಾ. ಹೇಳದೆಯೇ ಮಾಡ್ತಿದ್ದಾರೆ."

ಯಾವ ದಿನದಿಂದ

ಶನಿವಾರ ಅಪ್ಪ ಹಿತ್ತಿಲಿಗೆ ಬಂದರು. ಕಿವಿಯಿಂದ ವಯರು ತೆಗೆದು ನನ್ನ ಕೈಯಲ್ಲಿ ಇಟ್ಟರು.

"ನಿನ್ನ ಅಮ್ಮನ ಹೊಟ್ಟೆಯಲ್ಲಿ ಗಡ್ಡೆ ಉಂಟು" ಎಂದರು. "ರಕ್ತವೂ ಹೋಗುತ್ತದೆ. ಎರಡು ವರ್ಷದಿಂದ ನನಗೆ ದಿನಾ ಹೇಳ್ತಿದ್ದಾಳಂತೆ."

ನಾನು ವಯರನ್ನು ತಿರುಗಿ ಅವರ ಕಿವಿಗೆ ಸಿಕ್ಕಿಸಿದೆ.

"ನನಗೆ ಮಾತ್ರ ಹೇಳ್ತಿದ್ದಾಳೆ" ಎಂದು ಇನ್ನೊಮ್ಮೆ ಹೇಳಿದರು.

ಇಬ್ಬರೂ ಒಳಗೆ ಹೋದೆವು. ಅಮ್ಮ ಹಸಿಮೆಣಸಿನ ತೊಟ್ಟು ತೆಗೆಯುತ್ತಿದ್ದಳು. ಅಪ್ಪ ಎದುರಿಗೆ ಕುಳಿತು, "ಮಂಗಳೂರಿಗೆ ಹೋಗುವ. ಡಾಕ್ಟರಿಗೆ ತೋರಿಸುವ" ಎಂದರು. ಅಮ್ಮನ ಕೈ ನಿಂತಿತು. ನನ್ನನ್ನು ನೋಡಿದಳು, ಅಪ್ಪನ ಬೈರಾಸು ನೋಡಿದಳು, ಅದರ ಅಂಚಿನಿಂದ ಇಳಿದ ವಯರು ನೋಡಿದಳು.

"ಯಾಕಮ್ಮ ನನಗೆ ಹೇಳಲಿಲ್ಲ?" ಎಂದೆ.

"ನಿನಗೆ ಹೇಳಿದ್ರೆ ಓದು ಬಿಡ್ತಿದ್ದಿ. ಬೇರೆಯವರಿಗೆ ಹೇಳಿದ್ರೆ ಊರೆಲ್ಲ ಆಗ್ತಿತ್ತು. ಇವರಿಗೆ ಹೇಳಿದ್ರೆ ಹೇಳಿದ ಹಾಗೂ ಆಗ್ತಿತ್ತು, ಇವರಿಗೆ ಬೇಜಾರೂ ಆಗ್ತಿರಲಿಲ್ಲ."

ಆಮೇಲೆ ಅವಳು ಅಪ್ಪನ ಕಡೆ ತಿರುಗಿದಳು.

"ಯಾವ ದಿನದಿಂದ ಕೇಳ್ತಾ ಉಂಟು?"

"ಮಂಗಳವಾರದಿಂದ."

ಅಮ್ಮ ಲೆಕ್ಕ ಹಾಕಿದಳು. "ಬುಧವಾರ ನಿಮ್ಮ ಅಕ್ಕನ ವಿಷಯ ಹೇಳಿದ್ದು?"

"ಕೇಳಿತು."

"ಪೂರ್ತಿ?"

"ಪೂರ್ತಿ" ಎಂದರು ಅಪ್ಪ. "ಅದರಲ್ಲಿ ತಪ್ಪೇನೂ ಇರಲಿಲ್ಲ."

ನೀರನ್ನು

ಮಂಗಳೂರಿನ ಡಾಕ್ಟರು ಪರೀಕ್ಷೆ ಮಾಡಿ, ನಮ್ಮನ್ನು ಹೊರಗೆ ಕರೆದು, ಎರಡು ವರ್ಷ ಮೊದಲು ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು. ಅಪ್ಪ ಅದನ್ನು ಕೇಳಿಸಿಕೊಂಡರು. ಆ ದಿನ ಮಾತ್ರ ಡಬ್ಬಿಯ ಸೆಲ್ಲು ಯಾಕೆ ಮುಗಿಯಲಿಲ್ಲವೋ ಎಂದು ನನಗೆ ಅನಿಸಿತು.

ಅಮ್ಮ ಮನೆಗೆ ಬಂದಳು. ಬಂಟ್ವಾಳದಿಂದ ಚಿಕ್ಕಮ್ಮ, ಅಮ್ಮನ ತಂಗಿ, ನೋಡಿಕೊಳ್ಳಲು ಬಂದು ನಿಂತರು. ನಾನು ಕೊನೆಯ ವರ್ಷಕ್ಕೆ ಹೋದೆ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದೆ. ಬಂದಾಗಲೆಲ್ಲ ಅಮ್ಮನ ಸ್ವರ ಇನ್ನಷ್ಟು ಸಣ್ಣದಾಗಿರುತ್ತಿತ್ತು. ಡಬ್ಬಿಗೆ ಅದು ಸಿಗುತ್ತಿರಲಿಲ್ಲ.

ಲೆಕ್ಚರರ ಹತ್ತಿರ ಹೇಳಿದೆ. ಅವರು ಇನ್ನೊಂದು ಟ್ರಾನ್ಸಿಸ್ಟರು ಕೊಟ್ಟರು. ನಡುವಿನ ಕಂಡೆನ್ಸರನ್ನು ಸಣ್ಣದು ಮಾಡು ಎಂದರು. ಆಗ ದಪ್ಪ ಸದ್ದುಗಳೆಲ್ಲ ಹಿಂದೆ ಉಳಿಯುತ್ತವೆ, ಹೆಂಗಸರ ಸ್ವರ ಮುಂದೆ ಬರುತ್ತದೆ. ಕಾಲೇಜಿನ ಪ್ರಾಜೆಕ್ಟಿಗೂ ಇದನ್ನೇ ತೋರಿಸು ಎಂದರು. ಮೈಕನ್ನು ಡಬ್ಬಿಯಿಂದ ಹೊರಗೆ ತೆಗೆದು ಉದ್ದ ವಯರು ಹಾಕಿದೆ. ಮೈಕು ಅಮ್ಮನ ಕೈಯಲ್ಲಿ, ಡಬ್ಬಿ ಅಪ್ಪನ ಕಿಸೆಯಲ್ಲಿ. ಮಂಚದ ಬದಿಯಲ್ಲಿ ಅಪ್ಪ ಕುರ್ಚಿ ಹಾಕಿಕೊಂಡು ಕುಳಿತರು.

ನಮ್ಮ ಮನೆಯ ಮಾತು ತುಳು. ಅಮ್ಮ ಕನ್ನಡ ಮಾತಾಡಿದ್ದನ್ನು ನಾನು ಕೇಳಿದ್ದೇ ಅಪರೂಪ. ಐದನೇ ತರಗತಿಯವರೆಗೆ ಓದಿದ್ದಳು ಅಷ್ಟೆ. ಆದರೆ ಕೈಗೆ ಮೈಕು ಬಂದದ್ದೇ ಅವಳಿಗೆ ಏನನ್ನಿಸಿತೋ, ತಲೆದಿಂಬಿಗೆ ಒರಗಿ, ಸೆರಗು ಸರಿ ಮಾಡಿಕೊಂಡು, ಮೈಕನ್ನು ಬಾಯಿಯ ಹತ್ತಿರ ಹಿಡಿದು, ಶಾಲೆಯ ಪುಸ್ತಕದ ಕನ್ನಡದಲ್ಲಿ ಹೇಳಿದಳು:

"ನನಗೆ ಸ್ವಲ್ಪ ನೀರು ಕುಡಿಯುವ ಇಚ್ಛೆಯು ಇರುತ್ತದೆ."

ಚಿಕ್ಕಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಅಪ್ಪ ಎದ್ದು ನೀರು ತಂದುಕೊಟ್ಟರು. ಕುಡಿಸಿ, ಬಾಯಿ ಒರೆಸಿ, ಕುಳಿತ ಮೇಲೆ ಗಂಭೀರವಾಗಿ, "ನೀರನ್ನು" ಎಂದರು.

"ಏನು?"

"ನೀರನ್ನು ಕುಡಿಯುವ. ದ್ವಿತೀಯಾ ವಿಭಕ್ತಿ."

ಆಮೇಲೆ ಕೊನೆಯವರೆಗೂ ಅದು ಹಾಗೆಯೇ ನಡೆಯಿತು. ಬೇರೆಯವರ ಹತ್ತಿರ ತುಳು. ಮೈಕು ಹಿಡಿದರೆ ಕನ್ನಡ. ಚಿಕ್ಕಮ್ಮ ಮಾಡಿದ ಸಾರಿಗೆ ಉಪ್ಪು ಜಾಸ್ತಿ ಎಂಬುದನ್ನೂ ಅವಳು ಕನ್ನಡದಲ್ಲಿಯೇ ಹೇಳಿದಳು. ಅಪ್ಪ ತಪ್ಪುಗಳನ್ನು ತಿದ್ದುತ್ತಿದ್ದರು, ಅವಳು ತಿದ್ದಿ ಹೇಳುತ್ತಿದ್ದಳು. ಕೆಲಸ ಬಿಟ್ಟ ಮೇಲೆ ಅಪ್ಪನಿಗೆ ಸಿಕ್ಕಿದ ಒಬ್ಬಳೇ ವಿದ್ಯಾರ್ಥಿನಿ. ನಾನು ಬಂದ ಒಂದು ಭಾನುವಾರ ಅಪ್ಪ ನನ್ನನ್ನು ಜಗಲಿಗೆ ಕರೆದು, ಮಕ್ಕಳ ಪ್ರಗತಿ ಹೇಳುವ ಸ್ವರದಲ್ಲಿಯೇ ಹೇಳಿದರು:

"ಬಲ ಏನೂ ಇಲ್ಲ. ಅನ್ನ ಸೇರುವುದಿಲ್ಲ. ವ್ಯಾಕರಣ ಮಾತ್ರ ಬಹಳ ಸುಧಾರಿಸಿದೆ."

ಯಂತ್ರದ ದೋಷವಲ್ಲ

ಅಮ್ಮ ಹೋಗಿ ತಿಂಗಳಾಗುವಷ್ಟರಲ್ಲಿ ನನ್ನ ಪ್ರಾಜೆಕ್ಟಿನ ಮೌಖಿಕ ಪರೀಕ್ಷೆ ಬಂತು. ಚಿಕ್ಕಮ್ಮ ಬಂಟ್ವಾಳಕ್ಕೆ ಹಿಂದೆ ಹೋಗಿಯಾಗಿತ್ತು. ನಾನು ಹೋಗುವುದಿಲ್ಲ ಎಂದೆ. ಅಪ್ಪ ಅಂಗಿ ಹಾಕಿಕೊಂಡು, ಡಬ್ಬಿ ಕಿಸೆಗಿಟ್ಟು, ಕೊಡೆ ಹಿಡಿದು ಅಂಗಳದಲ್ಲಿ ನಿಂತರು.

"ಯಂತ್ರ ನಿನ್ನದು, ಕಿವಿ ನನ್ನದು. ಒಟ್ಟಿಗೆ ಹೋಗುವ."

ಪರೀಕ್ಷಕರು ಹೊರ ರಾಜ್ಯದಿಂದ ಬಂದ ಹಿರಿಯ ಪ್ರೊಫೆಸರು. ಎಂದೂ ನಗದವರು ಎಂದು ಹೆಸರು. ನಮ್ಮ ಲೆಕ್ಚರರು ಅವರ ಪಕ್ಕದಲ್ಲಿ ಕುಳಿತಿದ್ದರು. ನಾನು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದೆ. ಅಪ್ಪನನ್ನು ಎದುರಿನ ಸ್ಟೂಲಿನ ಮೇಲೆ ಕೂರಿಸಿದೆ.

ಪ್ರೊಫೆಸರು ಅಪ್ಪನ ಕಡೆ ಬಾಗಿ, ಇಂಗ್ಲಿಷಿನಲ್ಲಿ, ನಾನು ಹೇಳುವುದು ನಿಮಗೆ ಕೇಳಿಸುತ್ತದೆಯೇ ಎಂದರು. ಅಪ್ಪ ಅವರ ಮುಖವನ್ನೇ ನೋಡುತ್ತಾ ಸುಮ್ಮನೆ ಕುಳಿತರು. ಪ್ರೊಫೆಸರು ಸ್ವಲ್ಪ ಜೋರಾಗಿ ಕೇಳಿದರು. ಅಪ್ಪ ಸುಮ್ಮನೆ. ಹೋಗಿ ಸೆಲ್ಲು ನೋಡಿದೆ, ಸರಿ ಇತ್ತು. ಮೂರನೇ ಸಲ ಪ್ರೊಫೆಸರು ಕಿರುಚಿದ ಸದ್ದಿಗೆ ಪಕ್ಕದ ಕೋಣೆಯಿಂದ ಯಾರೋ ಇಣುಕಿ ನೋಡಿದರು. ಅಪ್ಪ ಅಲುಗಾಡಲಿಲ್ಲ. ಪ್ರೊಫೆಸರು ಪೆನ್ನು ತೆಗೆದು ಏನೋ ಬರೆಯತೊಡಗಿದರು.

ನಮ್ಮ ಲೆಕ್ಚರರು ಮೆಲ್ಲಗೆ ಕನ್ನಡದಲ್ಲಿ, "ಮಾಷ್ಟ್ರೇ, ಅವರು ಹೇಳಿದ್ದು ನಿಮಗೆ ಕೇಳಿತಾ?" ಎಂದರು.

"ಮೂರು ಸಲವೂ ಸ್ಪಷ್ಟ ಕೇಳಿತು" ಎಂದರು ಅಪ್ಪ. "ನನಗೆ ಇಂಗ್ಲಿಷು ಬರುವುದಿಲ್ಲ. ಅದನ್ನು ಅರ್ಥ ಮಾಡಿಸುವ ಪಾಠ ಇವನಿಗೆ ಇನ್ನೂ ಆಗಿಲ್ಲ ಅಂತ ಕಾಣುತ್ತದೆ."

ಲೆಕ್ಚರರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ನಗದ ಪ್ರೊಫೆಸರು ಕರ್ಚೀಫು ತೆಗೆಯುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಕಣ್ಣು ಒರೆಸಿಕೊಂಡು, ಲೆಕ್ಚರರ ಮೂಲಕ ಇನ್ನೊಂದು ಪ್ರಶ್ನೆ ಕೇಳಿಸಿದರು: ಈ ಯಂತ್ರದಲ್ಲಿ ಎಲ್ಲರ ಮಾತೂ ಒಂದೇ ರೀತಿ ಕೇಳಿಸುತ್ತದೆಯೇ?

ಅಪ್ಪ ಕಿಸೆಯ ಡಬ್ಬಿಯ ಮೇಲೆ ಕೈಯಿಟ್ಟುಕೊಂಡರು.

"ಇಲ್ಲ" ಎಂದರು. "ಗಂಡಸರದ್ದು ಸಾಧಾರಣ. ಹೆಂಗಸರ ಮಾತು ಬಹಳ ಚೆನ್ನಾಗಿ ಕೇಳ್ತಿತ್ತು. ಈಗ ಮನೆಯಲ್ಲಿ ಹೆಂಗಸರಿಲ್ಲ. ಹಾಗಾಗಿ ಒಂದು ತಿಂಗಳಿನಿಂದ ಏನೂ ಕೇಳುವುದಿಲ್ಲ. ಅದನ್ನು ಯಂತ್ರದ ದೋಷ ಅಂತ ಬರೆದು ಹುಡುಗನ ಮಾರ್ಕು ತೆಗೆಯಬೇಡಿ."